ಬಾರ್ಕೂರು: ಕೋಟೆಯೊಂದೇ ಕಾಯದ ನಗರ

ನಮ್ಮ ಎಲ್ಲೂರಿನಿಂದ ಕಾಪು, ಉಡುಪಿ ದಾಟಿ ಬ್ರಹ್ಮಾವರಕ್ಕೆ ಹೋದರೆ ಬಾರ್ಕೂರು ಅಲ್ಲಿಂದ ಹತ್ತಿರ. ಹೊಲ, ತೆಂಗು, ಅಡಿಕೆ ತೋಟಗಳ ಈ ಊರನ್ನು ಕಂಡು, ಇದೊಂದು ಕಾಲದಲ್ಲಿ ರಾಜಧಾನಿಯಾಗಿತ್ತೆಂದು ಯಾರೂ ಊಹಿಸಲಾರರು. ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರ ರಾಜಧಾನಿಗಳಲ್ಲಿ ಇದೂ ಒಂದು. ಶಾಸನಗಳು ಇದನ್ನು ಬಾರಕನ್ಯಾಪುರ ಎಂದು ಕರೆಯುತ್ತವೆ.

ಊರಿನ ಕೇರಿಗಳ ಹೆಸರುಗಳನ್ನು ಗಮನಿಸಿ. ಕೋಟೆಕೇರಿ ಎಂಬ ಹೆಸರೇ ಇಲ್ಲೊಂದು ಕೋಟೆಯಿತ್ತೆಂದು ಹೇಳುತ್ತದೆ. ಮಣಿಗಾರಕೇರಿ ಎಂಬ ಹೆಸರಿನಲ್ಲಿರುವ ‘ಮಣಿಗಾರ’ ಎಂದರೆ ಸುಂಕ ಮುಂತಾದವುಗಳ ಮೇಲ್ವಿಚಾರಕ. ಅದೇ ಕೇರಿಯಲ್ಲಿ ಕತ್ತಲೆ ಬಸದಿ ಇದೆ, ಕೋಟೆಕೇರಿಯಲ್ಲಿ ಪಂಚಲಿಂಗೇಶ್ವರ ದೇವಾಲಯವಿದೆ. ಕೋಟೆ, ಸುಂಕ, ಗುಡಿ, ಬಸದಿ ಎಲ್ಲವೂ ಸೇರಿ ಒಂದು ನಗರದ ನಕ್ಷೆಯೇ ಹೆಸರುಗಳಲ್ಲಿ ಉಳಿದುಕೊಂಡಿದೆ.

ಈ ನಗರದ ಉಸಿರು ಸೀತಾನದಿ. ನದೀಮುಖದ ಮೂಲಕ ಹಡಗುಗಳು ಬರುತ್ತಿದ್ದುದರಿಂದಲೇ ಇದಕ್ಕೆ ಸಂಪತ್ತು ಬಂತು. 1342ರ ಸುಮಾರಿಗೆ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಮೊರಾಕ್ಕೊ ದೇಶದ ಇಬ್ನ್ ಬತೂತಾ ಇಲ್ಲಿ ಇಳಿದರು. ಅವರು ‘ಫಾಕನೂರ್’ ಎಂದು ಬರೆದ ಊರು ಬಾರ್ಕೂರೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಳಿವೆಯ ದಡದ ದೊಡ್ಡ ಊರು, ಬೇರೆಲ್ಲೂ ಸಿಗದಷ್ಟು ಒಳ್ಳೆಯ ಕಬ್ಬು ಇಲ್ಲಿದೆ ಎಂದು ಅವರು ಬಣ್ಣಿಸಿದ್ದಾರೆ.

ಅವರು ಕೊಟ್ಟ ಇನ್ನೊಂದು ವಿವರ ಹೆಚ್ಚು ಮುಖ್ಯವಾದುದು. ಊರಿನ ಅರಸ ಹಿಂದೂ. ಆತನಲ್ಲಿ ಸುಮಾರು 30 ಯುದ್ಧನೌಕೆಗಳಿದ್ದವು. ಅವುಗಳ ನಾಯಕ ಲೂಲಾ ಎಂಬ ಮುಸ್ಲಿಮ. ಈತ ಸಮುದ್ರದಲ್ಲಿ ವ್ಯಾಪಾರಿಗಳನ್ನು ದೋಚುವವನೂ ಹೌದು ಎಂಬುದನ್ನು ಇಬ್ನ್ ಬತೂತಾ ಮುಚ್ಚಿಡಲಿಲ್ಲ. ಮುಸ್ಲಿಮರಿಗೆ ಒಬ್ಬ ಮುಖಂಡನಿದ್ದ, ಖಾಝಿ ಮತ್ತು ಖತೀಬರಿದ್ದರು, ಜುಮಾ ಮಸೀದಿಯೂ ಇತ್ತು. ಹಡಗು ಲಂಗರು ಹಾಕಿದಾಗ ಅರಸ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿ, ಅತಿಥಿಗಳನ್ನು ದಡಕ್ಕೆ ಕರೆಸಿ ಮೂರು ದಿನ ಸತ್ಕರಿಸಿದ. ದೆಹಲಿಯ ಮೇಲಿನ ಗೌರವ ಒಂದು ಕಾರಣ. ಹಡಗಿನವರೊಂದಿಗೆ ವ್ಯಾಪಾರ ನಡೆದರೆ ಬರುವ ಲಾಭ ಇನ್ನೊಂದು.

ಬಂದರಿನ ನಿಯಮ ಮಾತ್ರ ಕಟ್ಟುನಿಟ್ಟು. ಇತ್ತ ಹಾದುಹೋಗುವ ಹಡಗು ಇಲ್ಲಿ ನಿಂತು ಅರಸನಿಗೆ ಕಾಣಿಕೆ ಕೊಡಬೇಕು. ತಪ್ಪಿಸಿಕೊಂಡು ಹೋದರೆ ಬೆನ್ನಟ್ಟಿ ಹಿಡಿದು ಇಮ್ಮಡಿ ಸುಂಕ ವಸೂಲು ಮಾಡುತ್ತಿದ್ದರು. ಹೀಗೆ ಒಂದೆಡೆ ಬಲ, ಇನ್ನೊಂದೆಡೆ ನಂಬಿಕೆ. ಇವೆರಡೂ ಸೇರಿದಾಗ ಬಂದರು ನಡೆಯಿತು.

ಮುಂದೆ ವಿಜಯನಗರದ ಅರಸರು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂಬ ಎರಡು ವಿಭಾಗಗಳಲ್ಲಿ ತುಳುನಾಡನ್ನು ಆಳಿದರು. ಇಲ್ಲಿಯ ಕೋಟೆಯನ್ನು ಒಂದನೇ ಹರಿಹರ ಕಟ್ಟಿಸಿದನೆಂಬ ಹೇಳಿಕೆಯಿದೆ. ಆ ಕಾಲದ ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ ಎಂಬ ಪದ ಬರುತ್ತದೆ. ಅದು ಕಡಲಾಚೆಯೊಡನೆ ವ್ಯವಹರಿಸುತ್ತಿದ್ದ ವರ್ತಕರ, ವಿಶೇಷವಾಗಿ ಮುಸ್ಲಿಮ್ ವರ್ತಕರ ಸಂಘ. ಪಾರ್ಸಿಯ ‘ಅಂಜುಮನ್’ ಎಂಬ ಪದವೇ ಕನ್ನಡದ ಕಲ್ಲಿನ ಮೇಲೆ ಹೀಗಾಯಿತೆಂದು ವಿದ್ವಾಂಸರ ಅಭಿಪ್ರಾಯ. ಅಂಜುಮನ್ ಎಂದರೆ ಸಭೆ, ಸಂಘ. ಸಂಘ ಕಟ್ಟಿಕೊಂಡು ಬಾಳುವ ರೂಢಿ ನಮ್ಮ ಕರಾವಳಿಗೆ ಎಷ್ಟು ಹಳೆಯದು ನೋಡಿ!

1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ಇಲ್ಲಿಂದ ಅಕ್ಕಿ ಹೊರಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಆದರೆ ಆ ಹೊತ್ತಿಗೆ ಕಡಲಿನ ನಿಯಮ ಬದಲಾಗುತ್ತಿತ್ತು. 1520ರ ದಶಕದಲ್ಲಿ ಪೋರ್ಚುಗೀಸರು ಇದೇ ನದೀಮುಖದಲ್ಲಿ ಕಲ್ಲಿಕೋಟೆಯ ನೌಕಾದಳದ ಮೇಲೆ ದಾಳಿ ಮಾಡಿದರು. ವಿಜಯನಗರ ಕುಸಿದ ಬಳಿಕ 17ನೇ ಶತಮಾನದಲ್ಲಿ ಊರು ಕೆಳದಿ ನಾಯಕರ ಕೈಸೇರಿತು. ಹಳೆಯ ವೈಭವ ಮರಳಿ ಬರಲಿಲ್ಲ. ಕೋಟೆ ಇದ್ದರೂ, ಹಡಗು ಬಾರದ ಬಂದರನ್ನು ಅದು ಹೇಗೆ ಉಳಿಸೀತು?

ಇಟಲಿಯಲ್ಲಿ ಲುಕ್ಕಾ ಎಂಬ ಹಳೆಯ ನಗರವಿದೆ. 16 ಮತ್ತು 17ನೇ ಶತಮಾನಗಳಲ್ಲಿ ಕಟ್ಟಿದ, ನಾಲ್ಕು ಕಿಲೋಮೀಟರಿಗೂ ಉದ್ದದ ಅದರ ಕೋಟೆಗೋಡೆ ಇಂದಿಗೂ ಪೂರ್ತಿಯಾಗಿದೆ. 1812ರಲ್ಲಿ ನದಿ ಉಕ್ಕಿದಾಗ ಆ ಗೋಡೆಯೇ ನಗರಕ್ಕೆ ನೆರೆ ನುಗ್ಗದಂತೆ ತಡೆಯಿತು. ಮುಂದೆ ಅದರ ಮೇಲೆ ಮರ ನೆಟ್ಟು, ಜನ ನಡೆದಾಡುವ ದಾರಿ ಮಾಡಿದರು. ಯುದ್ಧದ ಗೋಡೆಗೆ ಹೊಸ ಕೆಲಸ ಕೊಟ್ಟದ್ದರಿಂದ ಅದು ಉಳಿಯಿತು. ಬಾರ್ಕೂರಿನಲ್ಲಿ ನಮಗೆ ಕೋಟೆಯ ಅವಶೇಷ, ಶಾಸನ ಮತ್ತು ಕೇರಿಗಳ ಹೆಸರು ಉಳಿದಿವೆ. ಅವುಗಳಿಗೂ ಒಂದು ಕೆಲಸ ಕೊಡಬೇಕಾದವರು ನಾವೇ.

ವಿದ್ಯಾರ್ಥಿ ಮಿತ್ರರೇ, ಒಂದು ರಜಾ ದಿನ ಬಾರ್ಕೂರಿಗೆ ಹೋಗಿ ಬನ್ನಿ. ಹಳೆಗನ್ನಡ ಲಿಪಿ ಓದಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಹಿರಿಯರಿಂದ ಗದ್ದೆ, ಕೆರೆ, ಕೇರಿಗಳ ಹೆಸರು ಕೇಳಿ ಬರೆದುಕೊಳ್ಳಿ. ಲೇಔಟಿಗೆ ಹೊಸ ಹೆಸರು ಬಂದರೆ ಹಳೆಯ ಹೆಸರು ಒಂದೇ ತಲೆಮಾರಿನಲ್ಲಿ ಮರೆತುಹೋಗುತ್ತದೆ. ಕಲ್ಲು ಹೋದರೂ ಹೆಸರಿನಿಂದ ಚರಿತ್ರೆ ಹುಡುಕಬಹುದು. ಹೆಸರೂ ಹೋದರೆ ಹುಡುಕುವುದಾದರೂ ಎಲ್ಲಿ?