ಫೌಜಿ ಕಾಲೇಜಿಗೆ ಹೋದರೆ ಪಕ್ಕದಲ್ಲಿ ಕೂಡುವವರು ಯಾರು?

ವಡಗಾವಿಯ ಮಗ್ಗದ ಓಣಿಯಿಂದ ಹಿಡಿದು ಖಾನಾಪುರದ ಕಾಡಂಚಿನ ಹಳ್ಳಿಗಳವರೆಗೆ ‘ಫೌಜಿ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ರಿಟೈರ್ ಆಗಿ ಬಂದ ಫೌಜಿ ಡಿಗ್ರಿ ಕಾಲೇಜಿನ ಬೆಂಚಿನ ಮೇಲೆ ಕೂತದ್ದನ್ನು ನೋಡಿದವರು ಕಡಿಮೆ. ಬ್ಯಾಂಕಿನ ಬಾಗಿಲಲ್ಲಿ, ಕಾಲೇಜಿನ ಗೇಟಿನಲ್ಲಿ ಕಾವಲಿಗೆ ನಿಂತವರನ್ನು ನಾವೆಲ್ಲ ನೋಡಿದ್ದೇವೆ. ಗೇಟಿನ ಒಳಗೆ ಯಾಕಿಲ್ಲ?

ಬೆಳಗಾವಿಯಲ್ಲಿ ಎರಡೂ ಇವೆ. 1922ರಲ್ಲಿ ಮರಾಠಾ ರೆಜಿಮೆಂಟಿನ ತರಬೇತಿ ಪಲ್ಟನ್ ಇಲ್ಲಿ ನೆಲೆಯಾಯಿತು. 1933ರಲ್ಲಿ ಲಿಂಗರಾಜ ಕಾಲೇಜು, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದವು. ಕ್ಯಾಂಪಿಗೂ ಕಾಲೇಜಿಗೂ ನಡುವಿನ ದಾರಿ ದೂರದ್ದೇನಲ್ಲ. ಆದರೂ ಆ ದಾರಿಯಲ್ಲಿ ನಡೆದ ಸಿಪಾಯಿಗಳು ವಿರಳ.

ಫೌಜಿಗೆ ಓದು ಬರುವುದಿಲ್ಲ ಎನ್ನುವುದು ಸುಳ್ಳು. ಸೈನ್ಯಕ್ಕೆ ತನ್ನದೇ ಶಿಕ್ಷಣ ದಳವಿದೆ. ಬಡ್ತಿ ಬೇಕಾದರೆ ಪರೀಕ್ಷೆ ಕಟ್ಟಬೇಕು, ನಕ್ಷೆ ಓದಲು ಕಲಿಯಬೇಕು. ಕನ್ನಡ, ಮರಾಠಿ ಶಾಲೆಯಿಂದ ಹೋದ ಹುಡುಗ ಅಲ್ಲಿ ಹಿಂದಿಯಲ್ಲಿ ಪಾಠ ಕೇಳುತ್ತಾನೆ. ಆದರೆ ಅಲ್ಲಿ ಯಾರೂ ಒಬ್ಬರೇ ಕಲಿಯುವುದಿಲ್ಲ. ಜೋಡಿಗೊಬ್ಬ ‘ಬಡ್ಡಿ’ ಇರುತ್ತಾನೆ. ಒಬ್ಬನಿಗೆ ತಿಳಿಯದಿದ್ದರೆ ಇನ್ನೊಬ್ಬ ರಾತ್ರಿ ಬ್ಯಾರಕ್ಕಿನಲ್ಲಿ ಹೇಳಿಕೊಡುತ್ತಾನೆ. ಇಂಥವನು ಊರಿಗೆ ಬಂದು, ಹದಿನೆಂಟರ ಹುಡುಗರ ನಡುವೆ ಒಬ್ಬನೇ ಕೂತು, ಅರ್ಥವಾಗದ್ದನ್ನು ಕೇಳಲು ನಾಚುವುದು ಸಹಜ.

ಜೊತೆಯಾಗಿ ಬಂದ ಫೌಜಿಗಳು ಏನು ಮಾಡಬಲ್ಲರು ಎಂಬುದಕ್ಕೆ ಹಳೆಯ ಉದಾಹರಣೆ ಕೊಂಕಣದಲ್ಲಿದೆ. ರತ್ನಾಗಿರಿ ಜಿಲ್ಲೆಯ ದಾಪೋಲಿಯಲ್ಲಿ ಪಿಂಚಣಿ ಪಡೆದ ಮಹಾರ್ ಸೈನಿಕರು ಗುಂಪಾಗಿ ನೆಲೆಸಿದ್ದರು. ಪಲ್ಟನ್ ಶಾಲೆಗಳ ದೆಸೆಯಿಂದ ಅವರಿಗೆ ಅಕ್ಷರ ಬರುತ್ತಿತ್ತು. ಅವರಲ್ಲೊಬ್ಬರಾದ ಗೋಪಾಳ ಬಾಬಾ ವಲಂಗಕರ್ 1888ರಲ್ಲಿ ಅಸ್ಪೃಶ್ಯತೆಯನ್ನು ಪ್ರಶ್ನಿಸಿ ಪುಸ್ತಿಕೆ ಬರೆದರು. ಮಹಾರರ ಭರ್ತಿ ನಿಂತಾಗ 1894ರಲ್ಲಿ ಅದರ ವಿರುದ್ಧ ಅರ್ಜಿಯನ್ನೂ ಬರೆದರು. ಅಂಬೇಡ್ಕರರ ತಂದೆ ಸುಬೇದಾರ್ ರಾಮಜಿ ಸಕ್ಪಾಳ್ ಸೈನ್ಯದ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಮುಂದೆ 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಇದು ಶಾಲಾ ಪುಸ್ತಕದಲ್ಲಿ ನಮಗೆ ಸಿಗಲಿಲ್ಲ ಎಂಬ ಸಣ್ಣ ಬೇಸರ ನಮಗಿದೆ.

ಫೌಜಿಗಳು ಕಾಲೇಜಿಗೇ ದಂಡೆತ್ತಿ ಹೋದದ್ದು ಅಮೆರಿಕದಲ್ಲಿ. 1944ರ ‘ಜಿ.ಐ. ಬಿಲ್’ ಕಾನೂನು ಎರಡನೇ ಮಹಾಯುದ್ಧದಿಂದ ಮರಳಿದವರ ಫೀಸನ್ನು ಸರ್ಕಾರವೇ ಕಟ್ಟುವಂತೆ ಮಾಡಿತು. ಸುಮಾರು 22 ಲಕ್ಷ ಜನ ಕಾಲೇಜು ಸೇರಿದರು. 1947ರಲ್ಲಿ ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಾಜಿ ಸೈನಿಕರೇ. ಹೆಂಡತಿ ಮಕ್ಕಳೊಂದಿಗೆ ಯುದ್ಧದ ಕಾಲದ ತಗಡಿನ ಶೆಡ್ಡುಗಳಲ್ಲಿ ಅಕ್ಕಪಕ್ಕ ಬದುಕುತ್ತ ಓದಿದರು. ಅಂಕಗಳಲ್ಲೂ ಹಿಂದೆ ಬೀಳಲಿಲ್ಲ. (ದಕ್ಷಿಣದ ಕಪ್ಪು ಸೈನಿಕರಿಗೆ ಮಾತ್ರ ಬಿಳಿಯರ ಕಾಲೇಜಿನ ಬಾಗಿಲು ಮುಚ್ಚಿಯೇ ಇತ್ತು.) ಮುಂದೆ ಇರಾಕ್, ಅಫ್ಘಾನಿಸ್ತಾನದಿಂದ ಬಂದವರು ತರಗತಿಗೊಬ್ಬಿಬ್ಬರಂತೆ ಚದುರಿಹೋದರು. ಆಗ 2008ರಲ್ಲಿ ಅವರೇ ಕಾಲೇಜು ಕಾಲೇಜಿನಲ್ಲಿ ತಮ್ಮ ಸಂಘ ಕಟ್ಟಿಕೊಂಡರು. ಹಳಬ ಹೊಸಬನಿಗೆ ಅರ್ಜಿ ತುಂಬಿಸುವುದು, ಜೊತೆ ಕೂತು ಓದುವುದು, ನಿದ್ದೆ ಬಾರದ ರಾತ್ರಿ ಮಾತಿಗೆ ಸಿಗುವುದು, ಇಷ್ಟೇ ಕೆಲಸ.

ನಮ್ಮಲ್ಲಿ ಬೇರೆ ದಾರಿ ಹಿಡಿದರು. 1986ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು: ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕ, ಡಿಗ್ರಿ ಬೇಕಾದ ಕೆಲವು ಸರ್ಕಾರಿ ಹುದ್ದೆಗಳಿಗೂ ಅರ್ಹ. ಎಷ್ಟೋ ಮನೆಗಳು ಇದರಿಂದ ಬದುಕಿದವು, ಅಲ್ಲಗಳೆಯುವುದಿಲ್ಲ. ಆದರೆ ಅದು ನೌಕರಿಗೆ ನಡೆಯುವ ಕಾಗದ, ವಿಶ್ವವಿದ್ಯಾಲಯದ ಪದವಿಯಲ್ಲ. ಕಾಲೇಜಿಗೆ ಹೋಗುವ ಅಗತ್ಯವೇ ತಪ್ಪಿದಂತಾಯಿತು. ಹಾಗಾಗಿ ಮಾಜಿ ಸೈನಿಕರ ಸಂಘಗಳು ಪಿಂಚಣಿ, ಕ್ಯಾಂಟೀನ್, ಆಸ್ಪತ್ರೆಯ ಸುತ್ತ ಬೆಳೆದವು. ತರಗತಿಯ ಸುತ್ತ ಬೆಳೆಯಲಿಲ್ಲ.

ಈಗ ಲೆಕ್ಕ ಬದಲಾಗಿದೆ. 2022ರ ಜೂನ್ 14ರಂದು ಅಗ್ನಿಪಥ ಘೋಷಣೆಯಾಯಿತು. ನಾಲ್ಕು ವರ್ಷ ಸೇವೆ, ನಂತರ 25%ರವರೆಗೆ ಮಾತ್ರ ಮುಂದುವರಿಕೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿಯೊಂದಿಗೆ ಮನೆಗೆ. ಪಿಂಚಣಿಯಿಲ್ಲ, 15 ವರ್ಷದ ಆ ಕಾಗದವೂ ಇಲ್ಲ. ಇಗ್ನೋ ಪದವಿಯ ವ್ಯವಸ್ಥೆ ಇದೆ: ಅರ್ಧ ಕ್ರೆಡಿಟ್ ಸೈನ್ಯದ ತರಬೇತಿಯಿಂದ, ಇನ್ನರ್ಧ ಓದಿ ಗಳಿಸಬೇಕು. ಆ ಇನ್ನರ್ಧವೇ ಕಷ್ಟದ್ದು. ಅದು ಅಂಚೆಯ ಓದು, ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹೀಗೆ ಮರಳುವವರು ನಲವತ್ತರ ಅಪ್ಪಂದಿರಲ್ಲ, ಇಪ್ಪತ್ತೆರಡು ಇಪ್ಪತ್ತೈದರ ಹುಡುಗರು. ಇನ್ನೊಂದು ತೊಡಕು ತಿಂಗಳಿನದು. ಮೊದಲ ತಂಡದ ತರಬೇತಿ 2022ರ ಕೊನೆ, 2023ರ ಆರಂಭದಲ್ಲಿ ಶುರುವಾದದ್ದು. ಅಂದರೆ ನಾಲ್ಕು ವರ್ಷ ಮುಗಿಯುವುದು ಚಳಿಗಾಲದಲ್ಲಿ. ನಮ್ಮ ಡಿಗ್ರಿ ಕಾಲೇಜುಗಳ ಪ್ರವೇಶ ಪಿಯುಸಿ ಫಲಿತಾಂಶದ ಮೇಲೆ, ಬೇಸಿಗೆ ಕಳೆಯುವ ಹೊತ್ತಿಗೆ. ನಡುವಿನ ಐದಾರು ತಿಂಗಳಲ್ಲೇ ಸೆಕ್ಯುರಿಟಿ ಏಜೆನ್ಸಿಯ ಫೋನು ಬರುತ್ತದೆ. ಇಗ್ನೋದಲ್ಲಿ ಜನವರಿಯಲ್ಲೂ ಪ್ರವೇಶ ಇರುತ್ತದೆ. ನಿಮ್ಮ ಓಣಿಗೆ ಇಬ್ಬರು ಮರಳಿದರೆ, ಇಬ್ಬರ ಅರ್ಜಿಯನ್ನೂ ಒಂದೇ ದಿನ ತುಂಬಿಸಿ.