ಹಬ್ಬದ ದೀಪಕ್ಕೆ ಎಣ್ಣೆ ಯಾರದು?

ಕನ್ನಡ ನಾಡಿನ ಹಳೆಯ ದೇವಾಲಯಗಳ ಶಾಸನಗಳನ್ನು ಓದುತ್ತ ಹೋದವರಿಗೆ ಪದೇ ಪದೇ ಎದುರಾಗುವ ಒಂದು ಮಾತು ‘ನಂದಾದೀವಿಗೆ’. ನಂದದೆ ಉರಿಯಬೇಕಾದ ದೀಪ ಅದು. ಭಕ್ತಿ ಇದ್ದ ಮಾತ್ರಕ್ಕೆ ದೀಪ ನಂದದೆ ಉಳಿಯುವುದಿಲ್ಲವೆಂಬುದನ್ನು ನಮ್ಮ ಹಿಂದಿನವರು ಚೆನ್ನಾಗಿ ಅರಿತಿದ್ದರು. ಆದ್ದರಿಂದಲೇ ದೀಪದ ಮಾತು ಬಂದಲ್ಲೆಲ್ಲ ಎಣ್ಣೆಯ ಮಾತೂ ಬರುತ್ತದೆ. ಇಷ್ಟು ಭೂಮಿಯ ಹುಟ್ಟುವಳಿ ದೀಪಕ್ಕೆ, ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ದೇವರಿಗೆ ಎಂದು ಕಲ್ಲಿನಲ್ಲಿ ಕೊರೆಯಿಸಿದರು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ತೆಲ್ಲಿಗರ ಐವತ್ತೊಕ್ಕಲು’ ಎಂಬ ಗಾಣಿಗರ ಸಂಘ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಾನ ಕೊಟ್ಟವನು ಅರಸನೋ ದಂಡನಾಯಕನೋ ಇರಬಹುದು; ದೀಪ ಉರಿದದ್ದು ಗಾಣ ತಿರುಗಿದ್ದರಿಂದ.

ಈ ಮಾತನ್ನು ನೆನೆಯಲು ನನಗೆ ಕಾರಣವಾದದ್ದು ಶಾಸನವಲ್ಲ, ನಮ್ಮೂರು ಗುರುಗುಂಟಾದ ಮನೆಗಳ ಮುಂದೆ ದೀಪಾವಳಿಯಿಂದ ಕಾರ್ತಿಕ ಮುಗಿಯುವತನಕ ಉರಿಯುವ ಬಣ್ಣದ ಸರಮಾಲೆಗಳು. ಲಿಂಗಸುಗೂರು ತಾಲೂಕಿನ ಈ ಊರು ಒಂದು ಕಾಲಕ್ಕೆ ನಿಜಾಮರ ಅಧೀನದಲ್ಲಿದ್ದ ಚಿಕ್ಕ ಸಂಸ್ಥಾನ. ಸಂಸ್ಥಾನದ ಊರೆಂಬ ಹೆಸರಿದ್ದರೂ ಮನೆಮನೆಯ ಹಬ್ಬ ಪಣತಿಯಷ್ಟೇ ಇತ್ತು. ನನ್ನ ಅಜ್ಜಿ ಕುಸುಬೆ ಎಣ್ಣೆಯನ್ನು ಅಳತೆ ಮಾಡಿ ಹಬ್ಬಕ್ಕೆಂದು ಬೇರೆ ತೆಗೆದಿಡುತ್ತಿದ್ದಳು. ಅಮವಾಸ್ಯೆಗೆ ಇಷ್ಟು, ಪಾಡ್ಯಕ್ಕೆ ಇಷ್ಟು, ಉಳಿದ ಕಾರ್ತಿಕಕ್ಕೆಲ್ಲ ತುಳಸಿಯ ಮುಂದೆ ಒಂದೇ ಒಂದು. ಮಕ್ಕಳಾದ ನಾವು ಇನ್ನೊಂದು ಸಾಲು ಪಣತಿ ಇಡೋಣವೆಂದರೆ, “ಎಣ್ಣಿ ಮುಗೀತಂದ್ರ ಹಬ್ಬಾನೂ ಮುಗೀತು” ಎನ್ನುತ್ತಿದ್ದಳು. ಆಕಾಶಬುಟ್ಟಿಯೊಳಗೆ ಪಣತಿ ಇಟ್ಟು ಮೇಲಕ್ಕೆ ಎಳೆಯುವಾಗ ಗಾಳಿ ಬೀಸಿದರೆ ಬಣ್ಣದ ಕಾಗದವೇ ಹೊತ್ತಿಕೊಳ್ಳುತ್ತಿತ್ತು.

ದಕ್ಷಿಣದ ಮೈಸೂರಿನಲ್ಲಿ ನಡೆದ ಕಥೆಯೇ ಬೇರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಕಾವೇರಿಯ ವಿದ್ಯುತ್ತು ತೊಂಬತ್ತಕ್ಕೂ ಹೆಚ್ಚು ಮೈಲಿ ಓಡಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು ಆ ಮೇಲೆ, 1905ರ ಆಗಸ್ಟ್ 5ರಂದು. ಮೈಸೂರಿನ ಅರಮನೆಗೆ ಬೆಳಕು ಬಂದದ್ದು ಇನ್ನೂ ತಡವಾಗಿ, 1908ರಲ್ಲಿ. ಹಣ ತರುವ ಗಣಿಗೆ ಮೊದಲು, ಬೀದಿಗೆ ಆಮೇಲೆ, ಅರಸನಿಗೆ ಕೊನೆಗೆ! ಈ ಕ್ರಮದಲ್ಲಿ ವಿನಯ ಇದ್ದಿತೆಂದು ನಾನು ಹೇಳಲಾರೆ, ಲೆಕ್ಕವಂತೂ ಇತ್ತು.

ಇಂದು ದಸರೆಯ ಹತ್ತು ದಿನಗಳೂ, ವರ್ಷದ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲೂ ಬೆಳಗುವ ಆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬುಗಳಿವೆ. ಬಲ್ಬಿಗೆ 15 ವ್ಯಾಟಿನಂತೆ ಹಿಡಿದರೂ 1,500 ಕಿಲೋವ್ಯಾಟ್ ಆಯಿತು. ಶಿವನಸಮುದ್ರದ ಕೇಂದ್ರ ಪ್ರಾರಂಭವಾದಾಗ ಅದರ ಒಟ್ಟು ಶಕ್ತಿಯೇ ಸುಮಾರು 4,300 ಕಿಲೋವ್ಯಾಟ್. ಎಂದರೆ ಇಂದಿನ ಅರಮನೆಯ ದೀಪಾಲಂಕಾರವನ್ನು ಅಂದು ಹಚ್ಚಿದ್ದರೆ, ಕೇಂದ್ರದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಅದೊಂದೇ ನುಂಗಿಬಿಡುತ್ತಿತ್ತು. ಒಂದು ಗಂಟೆ ಉರಿಸಿ ಆರಿಸುವ ಪದ್ಧತಿಯ ವಿವೇಕ ಇಲ್ಲಿ ತಿಳಿಯುತ್ತದೆ.

ನಾವು ಹೈದರಾಬಾದ್ ರಾಜ್ಯದವರು. ಮೈಸೂರಿನ ಬೆಳಕು ನಮಗೆ ಪರರಾಜ್ಯದ ಸುದ್ದಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿಯಿತು, 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು, 1956ರ ನವೆಂಬರ್ 1ರಂದು ನಾವೂ ಮೈಸೂರು ರಾಜ್ಯದವರಾದೆವು, ಮರುವರ್ಷ ವಿದ್ಯುಚ್ಛಕ್ತಿ ಮಂಡಲಿ ಹುಟ್ಟಿತು. ಹಳ್ಳಿಗಳಿಗೆ ಕಂಬಗಳು ಬಂದದ್ದು ಇವೆಲ್ಲದರ ಹಿಂದೆ ಹಿಂದೆ, ನಿಧಾನವಾಗಿ.

ಕಂಬದ ಜೊತೆಗೆ ‘ಸೀರಿಯಲ್ ಸೆಟ್ಟು’ ಬಂತು. ಆರು ವೋಲ್ಟಿನ ನಾಲ್ವತ್ತರಷ್ಟು ಪುಟ್ಟ ಬಲ್ಬುಗಳನ್ನು ಒಂದರ ಬಾಲಕ್ಕೊಂದು ಕಟ್ಟಿದರೆ ಮನೆಯ 230 ವೋಲ್ಟನ್ನು ಅವು ಹಂಚಿಕೊಂಡು ಉರಿಯುತ್ತವೆ; ಒಂದು ಸತ್ತರೆ ಎಲ್ಲವೂ ಕತ್ತಲು. ಸತ್ತ ಬಲ್ಬನ್ನು ಹುಡುಕುವುದರಲ್ಲೇ ನನ್ನ ಎಷ್ಟೋ ಹಬ್ಬದ ಸಂಜೆಗಳು ಕಳೆದಿವೆ. ಅದು ಸಿಕ್ಕಿತೆನ್ನುವಷ್ಟರಲ್ಲಿ ಓಣಿಯ ಎಲ್ಲ ಮನೆಗಳವರೂ ಗುಂಡಿ ಒತ್ತಿರುತ್ತಿದ್ದರು, ವೋಲ್ಟೇಜು ಇಳಿದು ಬಲ್ಬಿನ ತಂತಿ ಕೆಂಡದಂತೆ ಕೆಂಪಗೆ ಮಾತ್ರ ಕಾಣುತ್ತಿತ್ತು. ಒಂದು ವರ್ಷ ನಾನೇ ನೇರವಾಗಿ ದೊಡ್ಡ ಬಲ್ಬುಗಳ ಸಾಲನ್ನು ಜೋಡಿಸಿ, ಕಂಬದ ಮೇಲಿನ ಫ್ಯೂಜು ಹಾರಿಸಿ, ಪಕ್ಕದ ನಾಲ್ಕು ಮನೆಗಳ ಲಕ್ಷ್ಮೀಪೂಜೆಯನ್ನು ಕತ್ತಲಲ್ಲಿ ಮುಗಿಯುವಂತೆ ಮಾಡಿದೆ. ಆ ರಾತ್ರಿ ಯಾರೂ ಬೈಯಲಿಲ್ಲ. ಎಲ್ಲರೂ ಪಣತಿಗೆ ಎಣ್ಣೆ ಹುಯ್ದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಪ್ರಾರಂಭವಾಯಿತು. ಅಲ್ಲಿಯವರೆಗೆ ರಾಜ್ಯದ ಬೆಳಕೆಲ್ಲ ಮಳೆಯ ಕೃಪೆಯಲ್ಲಿತ್ತು. ಶರಾವತಿಗೆ ನೀರು ಬಾರದ ವರ್ಷ ನಾಡಿಗೇ ವಿದ್ಯುತ್ ಕಡಿತ. ಈಗ ಎಂಟು ಘಟಕಗಳು ಸೇರಿ ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಬೂದಿ ನಮ್ಮ ಜಿಲ್ಲೆಗೆ ಉಳಿದು, ಬೆಳಕು ನಾಡಿಗೆಲ್ಲ ಹಂಚಿಹೋಗುತ್ತದೆ ಎಂದು ಇಲ್ಲಿಯವರು ಹಾಸ್ಯವಾಗಿ ಆಡುವುದುಂಟು. ಹಾಸ್ಯ ಪೂರ್ಣ ಹಾಸ್ಯವಲ್ಲ.

ಅದು ನನಗೆ ಚುಚ್ಚಿದ್ದು 2023ರ ಅಕ್ಟೋಬರಿನಲ್ಲಿ. ಮಳೆ ಕೈಕೊಟ್ಟು, ಸೆಪ್ಟೆಂಬರಿನಲ್ಲೇ 195 ತಾಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಜಲಾಶಯದಲ್ಲಿ ನೀರಿಲ್ಲ, ಒಣಗುವ ಬೆಳೆಗೆ ಪಂಪುಗಳು ಹೆಚ್ಚು ಹೊತ್ತು ಓಡಬೇಕು. ಪಂಪ್‌ಸೆಟ್ಟುಗಳ ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಐದು ಗಂಟೆಗೆ ಇಳಿಯಿತು, ರೈತರು ಬೀದಿಗಿಳಿದರು, ನವೆಂಬರಿನ ಮೊದಲಲ್ಲಿ ಮತ್ತೆ ಏಳು ಗಂಟೆಯ ಆದೇಶವಾಯಿತು. ಈ ನಡುವೆ ದಸರೆಯೂ ಬಂದು ಹೋಯಿತು, ಮೈಸೂರು ಬೆಳಗಿತು. ಅರಮನೆಯ ಒಂದು ಗಂಟೆಯ ದೀಪ ಆರಿಸಿದ್ದರೆ ನಾಡಿನ ಪಂಪುಗಳೆಲ್ಲ ಓಡುತ್ತಿದ್ದವೇ? ಖಂಡಿತ ಇಲ್ಲ, 1,500 ಯೂನಿಟ್ಟು ಆ ಕೊರತೆಯಲ್ಲಿ ಒಂದು ಹನಿ. ಹಾಗೆಂದು ಲೆಕ್ಕ ಬಲ್ಲ ನನಗೆ ಗೊತ್ತು. ರಾತ್ರಿ ಎರಡು ಗಂಟೆಗೆ ಕರೆಂಟು ಬಂತೆಂದು ಎದ್ದು ಹೊಲಕ್ಕೆ ನಡೆದವನಿಗೆ ಅದನ್ನು ವಿವರಿಸುವ ಧೈರ್ಯ ಮಾತ್ರ ನನಗಿರಲಿಲ್ಲ.

ಅದೇ ವರ್ಷ ಆಗಸ್ಟ್ 5ರಂದೇ, ಬೆಂಗಳೂರಿನ ಬೀದಿದೀಪದ ತಾರೀಖಿನಂದೇ, ಕಲಬುರಗಿಯಲ್ಲಿ ಗೃಹಜ್ಯೋತಿ ಯೋಜನೆ ಉದ್ಘಾಟನೆಯಾಯಿತು. ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು ಹೆಚ್ಚು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತ. 48 ಯೂನಿಟ್ಟಿಗಿಂತ ಕಡಿಮೆ ಬಳಸುವ ಬಡ ಮನೆಗಳಿಗೆ ನೂರಕ್ಕೆ ಹತ್ತು ಏನೇನೂ ಸಾಲದೆಂದು 2024ರ ಜನವರಿಯಲ್ಲಿ ಅದನ್ನು ಹತ್ತು ಯೂನಿಟ್ಟಿಗೆ ಏರಿಸಿದರು. ಹದಿನೈದು ವ್ಯಾಟಿನ ಐವತ್ತು ಬಲ್ಬುಗಳನ್ನು ರಾತ್ರಿಗೆ ಐದು ಗಂಟೆಯಂತೆ ಹದಿನೈದು ರಾತ್ರಿ ಉರಿಸಿದರೆ 56 ಯೂನಿಟ್ಟು. ಸರಾಸರಿ ಅರವತ್ತರ ಮನೆಗೆ ಬಿಟ್ಟಿ ಸಿಗುವ ಹೆಚ್ಚುವರಿ ಆರೇ ಆರು. ಹತ್ತು ವ್ಯಾಟಿನ ಎಲ್‌ಇಡಿ ಸರವೋ, ಕಾರ್ತಿಕದ ಮೂವತ್ತು ರಾತ್ರಿ ಉರಿದರೂ ಒಂದೂವರೆ ಯೂನಿಟ್ಟು ದಾಟುವುದಿಲ್ಲ. ಹೀಗಾಗಿ ನಮ್ಮೂರಿನಲ್ಲಿ ಹಳದಿ ಬಲ್ಬು ತಾನಾಗಿ ಮರೆಯಾಯಿತು.

ನಮ್ಮ ಸೊಸೆ ಈಗ ದೀಪಾವಳಿಯ ಅಮವಾಸ್ಯೆಯ ಬೆಳಿಗ್ಗೆ ಮೀಟರಿನ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತಿಸುತ್ತಾಳೆ, ವಾರಕ್ಕೊಮ್ಮೆ ಹೋಲಿಸಿ ನೋಡುತ್ತಾಳೆ. ರಾತ್ರಿ ಹತ್ತಕ್ಕೆ ಸರಮಾಲೆ ಆರಿಸಿ, ತುಳಸಿಯ ಮುಂದಿನ ಪಣತಿಯನ್ನು ಹಾಗೆಯೇ ಬಿಡುತ್ತಾಳೆ. ಅದರ ಎಣ್ಣೆಯನ್ನು ಅವಳೂ ಅಳತೆ ಮಾಡಿಯೇ ಹಾಕುವುದು.