ಕಾರ್ಟ್ ತಂತ್ರಾಂಶದ ಆಯ್ಕೆ

ಆನ್‌ಲೈನ್ ಅಂಗಡಿಯಲ್ಲಿ ಗ್ರಾಹಕ ಆರಿಸಿದ ಸರಕನ್ನು ಹಿಡಿದಿಟ್ಟು, ತೆರಿಗೆ ಮತ್ತು ಸಾಗಣೆ ವೆಚ್ಚ ಕೂಡಿಸಿ, ಹಣ ಪಾವತಿಯವರೆಗೆ ಕರೆದೊಯ್ಯುವುದು ಕಾರ್ಟ್ ತಂತ್ರಾಂಶ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. 2006ರಲ್ಲಿ ಕೆನಡಾದಲ್ಲಿ ಆರಂಭವಾದ ಶಾಪಿಫೈ ತಿಂಗಳ ಬಾಡಿಗೆಯದು. ಸರ್ವರ್ ಚಿಂತೆ ಕಂಪನಿಗೇ ಬಿಟ್ಟದ್ದು. 2011ರಲ್ಲಿ ಬಂದ ವೂಕಾಮರ್ಸ್ ಮುಕ್ತ ತಂತ್ರಾಂಶ, ವರ್ಡ್‌ಪ್ರೆಸ್ ಜೊತೆ ಕೆಲಸ ಮಾಡುತ್ತದೆ. ಉಚಿತವೆಂದು ಹಿಗ್ಗುವಂತಿಲ್ಲ: ಹೋಸ್ಟಿಂಗ್, ಬ್ಯಾಕಪ್, ಅಪ್‌ಡೇಟ್ ಎಲ್ಲವೂ ಅಂಗಡಿಯವರ ತಲೆಗೇ.

ಯಾವುದು ಒಳ್ಳೆಯದೆಂಬುದನ್ನು ಸರಕೇ ಹೇಳುತ್ತದೆ. ಗದಗ-ಬೆಟಗೇರಿ ಕೈಮಗ್ಗದ ಊರು. ಅಲ್ಲಿನ ಅಂಗಡಿಯಲ್ಲಿ ಒಂದು ಬಣ್ಣ, ಒಂದು ಅಂಚಿನ ಸೀರೆ ಒಂದೇ ಇದ್ದು, ಇಬ್ಬರು ಏಕಕಾಲಕ್ಕೆ ಅದನ್ನು ಕಾರ್ಟಿಗೆ ಹಾಕಿದರೆ ಸೀರೆ ಯಾರಿಗೆ? ಹಣ ಕಟ್ಟದ ಆರ್ಡರ್‌ಗಾಗಿ ದಾಸ್ತಾನನ್ನು ಎಷ್ಟು ನಿಮಿಷ ಕಾಯ್ದಿರಿಸಬೇಕೆಂದು ವೂಕಾಮರ್ಸ್‌ನಲ್ಲಿ ನಿಗದಿಪಡಿಸಬಹುದು. ಬದಲಿಸದಿದ್ದರೆ ಅದು 60 ನಿಮಿಷ. ಒಂದೇ ಸೀರೆಗೆ ಇದು ತುಸು ಹೆಚ್ಚೇ. ಅದೇ ಜಿಲ್ಲೆಯ ಮುಳಗುಂದದ ವ್ಯಾಪಾರಿ ಒಣಮೆಣಸಿನಕಾಯಿ ಮಾರುವುದಾದರೆ ಲೆಕ್ಕವೇ ಬೇರೆ: ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳಿಗೆ ಬೇರೆ ಬೇರೆ ದರ, ತೂಕಕ್ಕೆ ತಕ್ಕ ಕೊರಿಯರ್ ವೆಚ್ಚ.

ಸಣ್ಣ ಊರಿನ ಗಿರಾಕಿಗಳು ಮಾಲು ಕೈಸೇರಿದ ಮೇಲೆ ದುಡ್ಡು ಕೊಡಲು ಇಷ್ಟಪಡುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಇದನ್ನೇ ಜಾರಿಗೆ ತಂದು ಬೆಳೆಯಿತು. ಹೀಗಾಗಿ ಯುಪಿಐ ಜೊತೆ ಈ ಸೌಲಭ್ಯವೂ ಬೇಕು. ಬೇಡವೆನಿಸಿದ ಪಿನ್‌ಕೋಡ್‌ಗಳಿಗೆ ಈ ಸೌಲಭ್ಯವನ್ನು ತಡೆಯುವ ಅನುಕೂಲವಿದ್ದರೆ ವಾಪಸಾಗುವ ಪಾರ್ಸೆಲ್‌ಗಳ ಖರ್ಚು ಇಳಿಯುತ್ತದೆ. ಕನ್ನಡ ಅಕ್ಷರ ಪುಟದಲ್ಲಷ್ಟೇ ಅಲ್ಲ, ಬಿಲ್ಲಿನ ಪಿಡಿಎಫ್‌ನಲ್ಲೂ ಸರಿಯಾಗಿ ಮೂಡುವುದೇ ಎಂದು ಮೊದಲೇ ನೋಡಬೇಕು. ಒತ್ತಕ್ಷರಗಳು ಚೆದುರುವುದು ಹೆಚ್ಚಾಗಿ ಅಲ್ಲೇ.

ತಂತ್ರಾಂಶದ ಆಯುಸ್ಸೂ ಮುಖ್ಯ. 2020ರ ಜೂನ್‌ನಲ್ಲಿ ಮಜೆಂಟೋ 1 ಎಂಬ ಅಂಗಡಿ ತಂತ್ರಾಂಶಕ್ಕೆ ಬೆಂಬಲ ನಿಂತಾಗ ಜಗತ್ತಿನಾದ್ಯಂತ ಅದನ್ನು ನೆಚ್ಚಿದ್ದ ಅಂಗಡಿಗಳು ಬೇರೆಡೆಗೆ ಹೋಗಬೇಕಾಯಿತು. ಹಾಗೆ ಹೋಗುವಾಗ ಬೇಕಾಗುವ ಸರಕು, ಗ್ರಾಹಕ, ಆರ್ಡರ್‌ಗಳ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಲು ಬಿಡದ ತಂತ್ರಾಂಶವನ್ನು ಅಗ್ಗವೆಂದರೂ ಕೊಳ್ಳಬಾರದು.